ಅಂಕಲ್ ವಾಪಸ್ ಎಸೆದ ಚೆಂಡು

ಚೆಂಡಿಗೆ ಕೆಸರು ಬಳಿಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಊರಿನ ಸೊರೆಂಟೊ ವ್ಯಾಲಿಯಲ್ಲಿ ನಮ್ಮದೊಂದು ಸಣ್ಣ ಲ್ಯಾಬ್. ಔಷಧಿ ಡಬ್ಬಿ, ಪ್ರಮಾಣಪತ್ರ ಇಂಥವುಗಳ ಮೇಲೆ ಒತ್ತುವ, ಬರಿಗಣ್ಣಿಗೆ ಕಾಣದ ಇಂಕು ಮಾಡುವುದು ನಮ್ಮ ಕಸುಬು. ಅತಿನೇರಳೆ ಕಿರಣ ಬೀರುವ ಯುವಿ ಲ್ಯಾಂಪು ಹಿಡಿದಾಗ ಮಾತ್ರ ಅದು ಹಸಿರಾಗಿ ಹೊಳೆಯುತ್ತದೆ. ಎರಡು ಸಾವಿರದ ಹದಿನಾಲ್ಕರ ಆಸುಪಾಸಿನ ಬೇಸಿಗೆ. ಬಾಸ್ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಹೊಚ್ಚಹೊಸ ಬೇಸ್‌ಬಾಲ್ ಚೆಂಡೊಂದನ್ನು ಇಟ್ಟು, "ಇದರ ಮೇಲೆ ನಮ್ಮ ಇಂಕು ನಿಲ್ಲುತ್ತಾ?" ಎಂದು ಕೇಳಿದರು. ಒತ್ತಿದೆ, ಒಣಗಿಸಿದೆ, ಲ್ಯಾಂಪು ಹಿಡಿದೆ. ಸೊಗಸಾಗಿ ಹೊಳೆಯಿತು. "ನಿಲ್ಲುತ್ತೆ" ಎಂದೆ. ಹತ್ತು ಸಲ ಯೋಚಿಸದೆ ನಾನು ಬಾಯಿಬಿಟ್ಟ ಸಂದರ್ಭಗಳು ಬಹಳ ಕಡಿಮೆ. ಅವುಗಳಲ್ಲಿ ಇದು ಒಂದು.

ವಿಷಯ ಏನೆಂದರೆ, ಸ್ಯಾನ್ ಡಿಯಾಗೊ ತಂಡದ ಒಬ್ಬ ಹಿರಿಯ ಆಟಗಾರ ತನ್ನ ಹೋಮ್ ರನ್‌ಗಳ ಲೆಕ್ಕದಲ್ಲಿ ಒಂದು ದೊಡ್ಡ ದುಂಡು ಸಂಖ್ಯೆಯ ಹೊಸ್ತಿಲಲ್ಲಿ ನಿಂತಿದ್ದ. ಇನ್ನೊಂದೇ ಒಂದು ಹೊಡೆದರೆ ಸಾಕು. ಹೋಮ್ ರನ್ ಅಂದರೆ ಚೆಂಡು ಬೇಲಿ ದಾಟಿ ಪ್ರೇಕ್ಷಕರ ನಡುವೆ ಬೀಳುವುದು. ನಮ್ಮ ಸಿಕ್ಸರಿನ ದೊಡ್ಡಣ್ಣ ಎಂದುಕೊಳ್ಳಿ. ಆದರೆ ಇಲ್ಲಿ ಆ ಚೆಂಡು ಹಿಡಿದವನ ಪಾಲಾಗುತ್ತದೆ. ಅವನು ಅದನ್ನು ಮನೆಗೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು, ಮಾರಬಹುದು, ಆಟಗಾರನಿಗೇ ಮರಳಿಸಿ ಸಹಿ ಮಾಡಿದ ಬ್ಯಾಟೊಂದನ್ನು ಇಸಿದುಕೊಳ್ಳಬಹುದು. ಈ ಆಟದವರು ಇತಿಹಾಸವನ್ನು ಚೆಂಡಿನಲ್ಲಿ ಕಾಪಿಡುವ ಜನ. ಆದರೂ ಇವರ ದೊಡ್ಡ ದೊಡ್ಡ ಚೆಂಡುಗಳೇ ಕಾಣೆಯಾಗಿವೆ. ಲಾಸ್ ಏಂಜಲಿಸಿನ ಮೈದಾನದಲ್ಲೇ, ಎರಡು ಕಾಲೂ ನೋಯುತ್ತಿದ್ದ ಆಟಗಾರನೊಬ್ಬ ಕುಂಟಿಕೊಂಡು ಬಂದು, ಕಟ್ಟಕಡೆಯಲ್ಲಿ ಹೊಡೆದು ಪಂದ್ಯ ಗೆಲ್ಲಿಸಿದ್ದನ್ನು ಇಲ್ಲಿನವರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಆ ಚೆಂಡು ಎಲ್ಲಿದೆ ಎಂದು ಮಾತ್ರ ಯಾರೂ ಎದೆ ತಟ್ಟಿ ಹೇಳಲಾರರು. ನನ್ನ ಹತ್ತಿರ ಇದೆ ಎನ್ನುವವರಿಗೆ ಬರವಿಲ್ಲ, ಅಷ್ಟೇ.

ಹಾಗಾಗಿ ಈ ಸಲದ ಚೆಂಡಿಗೆ ಗುಪ್ತ ಗುರುತು ಬೇಕಿತ್ತು. ಆ ಆಟಗಾರ ಬ್ಯಾಟ್ ಹಿಡಿದು ಬಂದಾಗಲೆಲ್ಲ ಅಂಪೈರ್ ಮಾಮೂಲಿ ಚೆಂಡು ಬಿಟ್ಟು ನಮ್ಮ ಗುರುತಿನ ಚೆಂಡು ಕೊಡಬೇಕು. ಒಂದೊಂದಕ್ಕೂ ಒಂದೊಂದು ನಂಬರು. ಅದು ಪ್ರೇಕ್ಷಕರೊಳಗೆ ಹೋಗಿ ಮರಳಿ ಬಂದ ಮೇಲೆ ನಾನು ಲ್ಯಾಂಪು ಹಿಡಿಯಬೇಕು. ನಿವೃತ್ತ ಪೊಲೀಸ್ ಸಾರ್ಜೆಂಟ್ ಒಬ್ಬರು ಕಣ್ಣಾರೆ ನಂಬರು ನೋಡಿ ರುಜು ಹಾಕಬೇಕು. ಬಾಸ್ ಮೊದಲೇ ಹೇಳಿಬಿಟ್ಟಿದ್ದರು: ಈ ಒಂದು ಚೆಂಡನ್ನು ನಮ್ಮ ಇಂಕು ಗುರುತಿಸಿಕೊಟ್ಟರೆ ಲ್ಯಾಬಿನ ಕ್ರೀಡಾ ವಿಭಾಗ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಕ್ರೀಡಾ ವಿಭಾಗವೆಂದರೆ ನಾನು, ನನ್ನ ಕುರ್ಚಿ ಮತ್ತು ಒಂದು ಓವನ್.

ಇಷ್ಟೆಲ್ಲ ಆದ ಮೇಲೆ, ಸ್ಯಾನ್ ಡಿಯಾಗೊ ಮೈದಾನದಲ್ಲಿ ಮೊದಲ ದಿನ, ಅಂಪೈರುಗಳ ಕೋಣೆಯ ಪಕ್ಕದಲ್ಲಿ ಒಬ್ಬಾತ ಸ್ಟೂಲಿನ ಮೇಲೆ ಕೂತು ನನ್ನ ಚೆಂಡುಗಳಿಗೆ ಕೆಸರು ಉಜ್ಜುತ್ತಿದ್ದುದನ್ನು ಕಂಡೆ.

"ಏನ್ ಮಾಡ್ತಿದ್ದೀಯಪ್ಪಾ?" ಎಂದೆ.

"ಕೆಸರು" ಎಂದ ಅವನು, ನನ್ನ ಕಣ್ಣಿಗೇ ಏನೋ ತೊಂದರೆ ಇರಬೇಕು ಎನ್ನುವ ಹಾಗೆ.

ಹೊಸ ಚೆಂಡಿನ ತೊಗಲು ಜಾರುತ್ತದೆಯಂತೆ. ಅದಕ್ಕೆ ಪೂರ್ವ ತೀರದ ಯಾವುದೋ ನದಿಯ ದಂಡೆಯಿಂದ ಬರುವ ನುಣ್ಣನೆಯ ಕೆಸರನ್ನು ಆಟಕ್ಕೆ ಮುಂಚೆ ಪ್ರತಿ ಚೆಂಡಿಗೂ ತಿಕ್ಕುತ್ತಾರಂತೆ. ಅದು ಎಷ್ಟೋ ದಶಕಗಳ ಪದ್ಧತಿ. ಅಮೆರಿಕದ ಮಕ್ಕಳಿಗೂ ಗೊತ್ತಿರುವ ಸಂಗತಿ. ಇಷ್ಟು ವರ್ಷ ಇಲ್ಲಿದ್ದೂ ಒಂದು ಪಂದ್ಯವನ್ನೂ ಪೂರ್ತಿ ನೋಡದ ನನಗೆ ಮಾತ್ರ ಗೊತ್ತಿಲ್ಲ. ಲ್ಯಾಂಪು ಹಿಡಿದೆ. ಹಸಿರೂ ಇಲ್ಲ, ಹಳದಿಯೂ ಇಲ್ಲ.

ಆ ವಾರ ಆಟಗಾರ ಹೋಮ್ ರನ್ ಹೊಡೆಯದಿರಲಿ ಎಂದು ಸ್ಯಾನ್ ಡಿಯಾಗೊದಲ್ಲಿ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು. ಲ್ಯಾಬಿನಲ್ಲಿ ಮೊದಲು ಕೆಸರು, ಆಮೇಲೆ ಇಂಕು ಎಂದು ಕ್ರಮ ಬದಲಿಸಿದೆ. ಇಂಕು ಕೆಸರಿನ ಮೇಲೆ ಕೂತುಕೊಂಡಿತು. ಚೆಂಡು ಮುಟ್ಟಿದ ಸಾರ್ಜೆಂಟರ ಬೆರಳುಗಳು ಲ್ಯಾಂಪಿನ ಕೆಳಗೆ ದೀಪಾವಳಿಯಂತೆ ಹೊಳೆದವು, ಚೆಂಡು ಹೊಳೆಯಲಿಲ್ಲ. ಕೊನೆಗೆ ಇಂಕಿಗೆ ಇನ್ನಷ್ಟು ಆಲ್ಕೋಹಾಲ್ ಬೆರೆಸಿ ತೆಳ್ಳಗೆ ಮಾಡಿದೆ. ತೊಗಲಿನ ರಂಧ್ರಗಳಿಗೆ ಇಳಿಯಿತು. ಓವನ್ನಿನಲ್ಲಿ ಸ್ವಲ್ಪ ಬೆಚ್ಚಗಿಟ್ಟು, ಆಮೇಲೆ ಕೆಸರು ತಿಕ್ಕಿಸಿ, ಗುರುತಿನ ಜಾಗದಲ್ಲಿ ಒಣ ಬ್ರಷ್ಷಿನಿಂದ ಹಗುರವಾಗಿ ಒಂದೆರಡು ಸಲ ಉಜ್ಜಿದರೆ ನಂಬರು ಕಾಣುತ್ತಿತ್ತು. ಅದರ ಮೇಲೆ ಕೃತಕ ಬೆವರು ಸುರಿದೆ, ಬಿಯರು ಸುರಿದೆ, ಸಾಸಿವೆ ಸಾಸು, ಟೊಮ್ಯಾಟೊ ಸಾಸು ಹಚ್ಚಿದೆ, ಹುಲ್ಲಿನಲ್ಲಿ ಉರುಳಿಸಿದೆ, ಸಿಮೆಂಟಿಗೆ ಬಡಿದೆ. ನಂಬರು ಅಲುಗಲಿಲ್ಲ.

ಇಂಕು ತಯಾರಾಯಿತು. ಇನ್ನು ಆಟಗಾರ ಹೊಡೆಯಬೇಕಿತ್ತು. ಅವನು ಹೊಡೆಯಲಿಲ್ಲ.

ಕಾಯುವುದು ನನಗೆ ಒಗ್ಗದ ಕೆಲಸ. ಆಟಗಾರ ಬರುತ್ತಾನೆ, ನಮ್ಮ ಚೆಂಡುಗಳ ಚೀಲ ಮೈದಾನಕ್ಕೆ ಓಡುತ್ತದೆ. ಅವನು ಔಟಾಗುತ್ತಾನೆ, ಚೀಲ ವಾಪಸ್ ಬರುತ್ತದೆ, ಚೆಂಡುಗಳನ್ನು ಒಂದೊಂದಾಗಿ ಎಣಿಸುತ್ತೇನೆ. ಒಂದು ದಿನ ಅವನ ಹೊಡೆತ ಬೇಲಿಯ ನೆತ್ತಿಗೆ ಬಡಿದು ಒಳಕ್ಕೇ ಬಿತ್ತು. ಇನ್ನೊಂದು ದಿನ ಮೊಣಕಾಲು ನೋವೆಂದು ಆಡಲೇ ಇಲ್ಲ. ಸ್ಯಾನ್ ಡಿಯಾಗೊ ಆಯಿತು, ಲಾಸ್ ಏಂಜಲಿಸ್ ಆಯಿತು, ಮತ್ತೆ ಸ್ಯಾನ್ ಡಿಯಾಗೊ. ಐ-ಫೈವ್ ಹೆದ್ದಾರಿಯಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ನಾನು ಕಳೆದ ಆಯುಷ್ಯವನ್ನು ಯಾರೂ ವಾಪಸ್ ಕೊಡುವುದಿಲ್ಲ. ದೂರದ ಊರುಗಳ ಪಂದ್ಯಗಳಿಗೆ ಸಾರ್ಜೆಂಟ್ ಒಬ್ಬರೇ ಲ್ಯಾಂಪು ಹೊತ್ತು ಹೋಗುತ್ತಿದ್ದರು. ಆಗ ನಾನು ಮನೆಯಲ್ಲಿ ಟೀವಿಯ ಮುಂದೆ ಕೂತು ಒದ್ದಾಡುತ್ತಿದ್ದೆ.

"ರೀ, ಅವನು ಹೊಡೆದ್ರೂ ನಿಮಗೆ ಭಯ, ಹೊಡೀದೇ ಇದ್ರೂ ಭಯ. ಯಾವುದಾದ್ರೂ ಒಂದನ್ನ ಇಟ್ಕೊಳ್ಳಿ" ಎಂದಳು ಹೆಂಡತಿ.

ಪೊಮೊನಾದ ಅಂಕಲ್ ಈ ಕಥೆಯೊಳಗೆ ಬಂದದ್ದೂ ಅವಳಿಂದಲೇ. ಲಾಸ್ ಏಂಜಲಿಸಿನಲ್ಲಿ ಒಂದು ಭಾನುವಾರ ಮಧ್ಯಾಹ್ನದ ಪಂದ್ಯವಿತ್ತು. ಲ್ಯಾಬಿಗೆ ಕೊಟ್ಟಿದ್ದ ಎರಡು ಟಿಕೆಟ್ ಉಳಿದಿದ್ದವು. "ಅಂಕಲ್ ಆಂಟೀನ ಕರ್ಕೊಂಡ್ಹೋಗಿ, ಪಾಪ, ಎಲ್ಲಿಗೂ ಹೋಗಲ್ಲ ಅವರು" ಎಂದಳು. ಅಂಕಲ್ ನಮಗೆ ಹಳೆಯ ಪರಿಚಯದವರು, ಮೈಸೂರಿನವರು. ಲಾಸ್ ಏಂಜಲಿಸಿನ ಹತ್ತಿರದ ಪೊಮೊನಾದ ಯೂನಿವರ್ಸಿಟಿಯಲ್ಲಿ ಸೇತುವೆ ಕಟ್ಟುವ ಪಾಠ ಹೇಳಿ ನಿವೃತ್ತರಾದವರು. ಮೂವತ್ತು ವರ್ಷ ಈ ದೇಶದಲ್ಲಿದ್ದೂ ಅವರ ಮಟ್ಟಿಗೆ ಆಟ ಎಂದರೆ ಕ್ರಿಕೆಟ್ಟೇ, ಉಳಿದದ್ದೆಲ್ಲ ವ್ಯಾಯಾಮ. ನಾನು ಕರೆದುಕೊಂಡು ಹೋಗಿ ಇಬ್ಬರನ್ನೂ ಎಡಗಡೆಯ ಬೇಲಿಯ ಹಿಂದಿನ ಸೀಟುಗಳಲ್ಲಿ ಕೂರಿಸಿದೆ. ಬಿಸಿಲು ಬೆಂಕಿಯಾಗಿತ್ತು. ಅಂಕಲ್ ಸನ್‌ಸ್ಕ್ರೀನ್ ಟ್ಯೂಬು ತೆಗೆದು ಕೈಗೆ, ಕತ್ತಿಗೆ ಧಾರಾಳವಾಗಿ ಮೆತ್ತಿಕೊಂಡು, ಮೂಗಿನ ಮೇಲೆ ಮಾತ್ರ ಹಳೆಯ ಕ್ರಿಕೆಟಿಗರಂತೆ ಬೆಳ್ಳನೆಯ ಪಟ್ಟೆ ಬಳಿದುಕೊಂಡರು.

"ಇದೇನ್ರೀ ಅವತಾರ?" ಎಂದರು ಆಂಟಿ.

"ನೀನು ಸುಮ್ನಿರು. ಬಿಸಿಲಲ್ಲಿ ಫೀಲ್ಡಿಂಗ್ ಮಾಡೋರಿಗೆ ಗೊತ್ತು ಇದು."

"ಯಾರ್ರೀ ಫೀಲ್ಡಿಂಗ್ ಮಾಡೋದು? ಕುರ್ಚಿ ಮೇಲೆ ಕೂತಿದ್ದೀರಿ."

ನಾನು ಕೆಳಗೆ, ಸ್ಯಾನ್ ಡಿಯಾಗೊದವರು ಕೂರುವ ಜಾಗದ ಹಿಂದಿನ ಓಣಿಗೆ ಬಂದೆ. ಅಲ್ಲಿ ಸಾರ್ಜೆಂಟ್ ಗೋಡೆಯ ಮೇಲಿನ ಟೀವಿ ನೋಡುತ್ತ ಸೂರ್ಯಕಾಂತಿ ಬೀಜ ಅಗಿಯುತ್ತಿದ್ದರು. ಆಟಗಾರ ಎರಡು ಸಲ ಬಂದು ಎರಡು ಸಲವೂ ಔಟಾದ. ಮೂರನೆಯ ಸಲ ಬಂದಾಗ ನಾನು ಚೀಲ ಕಳಿಸಿ, ಟೀವಿಯ ಮುಂದೆ ನಿಂತೆ. ಎರಡನೆಯ ಎಸೆತವನ್ನು ಅವನು ಹೊಡೆದ. ಎತ್ತರವಾದ ಹೊಡೆತವೇನಲ್ಲ, ಕೆಳಮಟ್ಟದಲ್ಲಿ ಈಟಿಯ ಹಾಗೆ ಎಡಕ್ಕೆ ಹೋಯಿತು. ಬೇಲಿಯನ್ನು ಸವರಿಕೊಂಡು ದಾಟಿತು.

"ಆಯ್ತು!" ಎಂದರು ಸಾರ್ಜೆಂಟ್.

ಟೀವಿಯಲ್ಲಿ ಚೆಂಡು ಹಿಡಿದವನನ್ನು ತೋರಿಸಿದರು. ಗ್ಲೋವ್ಸ್ ಇಲ್ಲದೆ, ಎರಡೂ ಅಂಗೈ ಸೇರಿಸಿ, ಎದೆಗವಚಿಕೊಂಡು ಹಿಡಿದ ಕ್ಯಾಚು. ಮೇಲೆ ಒಂದು ಬಿಳಿ ಮೂಗು.

ಪೊಮೊನಾದ ಅಂಕಲ್! ಆ ಬೇಸಿಗೆಯಲ್ಲೇ ಮೊದಲ ಬಾರಿಗೆ ನನ್ನ ಎದೆ ಹಗುರವಾಯಿತು. ಚೆಂಡು ನಮ್ಮವರ ಕೈಯಲ್ಲೇ ಇದೆ. ನೆಟ್ಟಗೆ ಹೋಗಿ ಇಸಿದುಕೊಂಡು, ಲ್ಯಾಂಪು ಹಿಡಿದು, ಕತ್ತಲಾಗುವ ಮುಂಚೆ ಮನೆ ಸೇರಬಹುದು. ಇಷ್ಟು ಅಂದುಕೊಳ್ಳುವುದರೊಳಗೆ ಅಂಕಲ್ ಎದ್ದು ನಿಂತರು, ಎಡಗಾಲು ಮುಂದಿಟ್ಟರು, ಭುಜ ತಿರುಗಿಸಿದರು, ಚೆಂಡನ್ನು ಮೈದಾನಕ್ಕೆ ವಾಪಸ್ ಎಸೆದುಬಿಟ್ಟರು.

ಸಾರ್ಜೆಂಟರ ಬಾಯಿಂದ ಬೀಜ ಉದುರಿತು.

ಕ್ರಿಕೆಟ್ ನೋಡಿ ಬೆಳೆದ ಯಾರೇ ಆಗಲಿ ಅದನ್ನೇ ಮಾಡುತ್ತಾರೆ. ಚೆಂಡು ಗ್ಯಾಲರಿಗೆ ಬಂದರೆ ವಾಪಸ್ ಕೊಡಬೇಕು, ಇಟ್ಟುಕೊಂಡರೆ ಕಳ್ಳತನ. ನಾನಾಗಿದ್ದರೂ ಎಸೆಯುತ್ತಿದ್ದೆನೋ ಏನೋ. ಆದರೆ ಇಲ್ಲಿನವರಿಗೆ ಅದು ಬೇರೆಯೇ ಆಗಿ ಕಂಡಿತು. ಎದುರಾಳಿ ತಂಡದವನು ಹೋಮ್ ರನ್ ಹೊಡೆದಾಗ 'ಹೋಗಯ್ಯಾ, ನಿನ್ನ ಚೆಂಡು ನಮಗೆ ಬೇಡ' ಎಂದು ವಾಪಸ್ ಎಸೆಯುವ ರೂಢಿ ಇಲ್ಲುಂಟು. ಅಂಥ ಐತಿಹಾಸಿಕ ಚೆಂಡನ್ನೂ ತಿರಸ್ಕರಿಸಿದ ಈ ಮುದುಕ ಎಂಥ ಕಟ್ಟಾ ಅಭಿಮಾನಿಯಪ್ಪಾ ಎಂದು ಲಾಸ್ ಏಂಜಲಿಸಿನ ಜನ ಎದ್ದುನಿಂತು ಕೂಗತೊಡಗಿದರು. ಯಾರೋ ಅಂಕಲ್ಲಿಗೆ ಬಿಯರ್ ತಂದುಕೊಟ್ಟರು. ಅವರ ಹಿಂದಿನ ಸಾಲಿನಲ್ಲಿ ಅಂಗಿ ಬಿಚ್ಚಿ, ಮೈತುಂಬ ಸನ್‌ಸ್ಕ್ರೀನ್ ಬಳಿದುಕೊಂಡು ಕೂತಿದ್ದ ಒಬ್ಬ ದಾಂಡಿಗನಿಗೆ ಉತ್ಸಾಹ ಉಕ್ಕಿ, ತಾನು ಮುಂಚೆ ಹಿಡಿದಿದ್ದ ಬೇರೆ ಯಾರದೋ ಹೊಡೆತದ ಚೆಂಡನ್ನೂ ಜೇಬಿನಿಂದ ತೆಗೆದು ಮೈದಾನಕ್ಕೆ ಎಸೆದ.

ಹುಲ್ಲಿನ ಮೇಲೆ ಎರಡು ಚೆಂಡು. ಅಲ್ಲಿದ್ದ ಫೀಲ್ಡರ್ ಎರಡನ್ನೂ ಹೆಕ್ಕಿ, ಒಂದೇ ಕೈಯಲ್ಲಿ ಹಿಡಿದುಕೊಂಡು ಬಂದು, ಅಂಪೈರಿಗೆ ಕೊಟ್ಟ. ಅಂಪೈರ್ ಎರಡನ್ನೂ ಒಂದೇ ಜೇಬಿಗೆ ಹಾಕಿಕೊಂಡ. ಟೀವಿ ಆ ಹೊತ್ತಿಗೆ ಓಡುತ್ತಿದ್ದ ಆಟಗಾರನನ್ನು ತೋರಿಸುತ್ತಿತ್ತು.

ಮೈದಾನದ ಹೊಟ್ಟೆಯೊಳಗೆ ಕಿಟಕಿಯಿಲ್ಲದ ಒಂದು ಕೋಣೆ. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಎರಡು ಚೆಂಡು. ಎರಡಕ್ಕೂ ಕೆಸರಿನ ಮಬ್ಬು ಬಣ್ಣ, ಎರಡಕ್ಕೂ ಹುಲ್ಲಿನ ಗೀರು. ನಾನು, ಸಾರ್ಜೆಂಟ್, ತಂಡದ ಪ್ರಚಾರ ನೋಡಿಕೊಳ್ಳುವ ಒಬ್ಬ ಅಧಿಕಾರಿ. ಕಾವಲಿನವರು ಅಂಕಲ್, ಆಂಟಿಯನ್ನೂ ಕರೆತಂದಿದ್ದರು.

"ಏನಪ್ಪಾ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದರು ಅಂಕಲ್.

"ಇಲ್ಲ ಅಂಕಲ್. ಆದ್ರೆ ಅದನ್ನ ಯಾಕೆ ಎಸೆದ್ರಿ?"

"ಎಸೀದೇ ಇನ್ನೇನು? ಬಾಲ್ ಇಲ್ದೇ ಆಟ ಹೆಂಗೆ ನಡೀಬೇಕು?"

"ಅವರ ಹತ್ರ ಬುಟ್ಟಿಗಟ್ಟಲೆ ಬಾಲ್ ಇರುತ್ತೆ ಅಂಕಲ್."

ಅಂಕಲ್ ಅಪನಂಬಿಕೆಯಿಂದ ಆಂಟಿಯ ಮುಖ ನೋಡಿದರು. "ಬುಟ್ಟಿಗಟ್ಟಲೆ ಅಂತೆ" ಎಂದರು, ಇಂಥ ಆಟವನ್ನು ಆಟ ಅನ್ನಬಹುದೇ ಎಂಬ ಧ್ವನಿಯಲ್ಲಿ.

ದೀಪ ಆರಿಸಿ ಲ್ಯಾಂಪು ಹಾಕಿದೆ. ಮೊದಲ ಚೆಂಡು ತಿರುಗಿಸಿದೆ. ಇಲ್ಲ. ಎರಡನೆಯದನ್ನು ತಿರುಗಿಸಿದೆ. ಇಲ್ಲ. ಬ್ರಷ್ಷಿನಿಂದ ಉಜ್ಜಿದೆ, ಲ್ಯಾಂಪನ್ನು ಹತ್ತಿರ ತಂದೆ, ದೂರ ಒಯ್ದೆ, ಬ್ಯಾಟರಿ ಬದಲಿಸಿದೆ. ಎರಡರಲ್ಲೂ ಅಲ್ಲಲ್ಲಿ ಕಪ್ಪು ಕಪ್ಪು ಮಚ್ಚೆ, ಅಷ್ಟೇ.

"ಆಟ ಮುಗಿದ ತಕ್ಷಣ ಪತ್ರಿಕೆಯವರು ಬರ್ತಾರೆ. ಚೆಂಡು ಅವನ ಕೈಲಿರಬೇಕು. ಯಾವುದೋ ಒಂದನ್ನ ಹೇಳಿಬಿಡು. ಯಾರಿಗೆ ಗೊತ್ತಾಗುತ್ತೆ?" ಎಂದ ಪ್ರಚಾರದವನು.

"ನನಗೆ" ಎಂದರು ಸಾರ್ಜೆಂಟ್. "ನಾನು ಕಂಡದ್ದಕ್ಕೆ ಮಾತ್ರ ರುಜು ಹಾಕೋದು."

ಆಗ ಅಂಕಲ್, "ಎಲ್ಲಿ, ನೋಡೋಣ" ಎನ್ನುತ್ತ ಮೇಜಿನ ಮೇಲೆ ಬಗ್ಗಿದರು. ಲ್ಯಾಂಪಿನ ಬೆಳಕು ಅವರ ಮುಖಕ್ಕೆ ಬಿತ್ತು. ಆಂಟಿ "ಅಯ್ಯೋ!" ಎಂದು ಕಿರುಚಿದರು. ಅಂಕಲ್ ಅವರ ಹಲ್ಲುಗಳು ನೀಲಿಯಾಗಿ ಮಿರಿಮಿರಿ ಹೊಳೆಯುತ್ತಿದ್ದವು. ಹಾಲಿನಂತೆ ಬೆಳ್ಳಗಿದ್ದ ಆ ಮೂಗು ಇದ್ದಿಲಿನ ಹಾಗೆ ಕಪ್ಪಾಗಿತ್ತು.

ಸನ್‌ಸ್ಕ್ರೀನ್. ಯುವಿಯನ್ನು ಚರ್ಮಕ್ಕೆ ಹೋಗಗೊಡದೆ ನುಂಗಿಹಾಕುವುದೇ ಅದರ ಕೆಲಸ. ನನ್ನ ಇಂಕು ಹೊಳೆಯಬೇಕಾದರೆ ಯುವಿ ಅದನ್ನು ಮುಟ್ಟಬೇಕು. ಚೆಂಡಿನ ಮೇಲಿನ ಕಪ್ಪು ಮಚ್ಚೆಗಳು ಬೆರಳ ಗುರುತುಗಳು! ಬಿಯರಿಗೆ, ಬೆವರಿಗೆ, ಟೊಮ್ಯಾಟೊ ಸಾಸಿಗೆ ಪರೀಕ್ಷೆ ಮಾಡಿದ್ದ ನಾನು, ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಕೂತವರು ಕೈಗೆ ಏನು ಹಚ್ಚಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಮರೆತಿದ್ದೆ. ಲ್ಯಾಬಿನಲ್ಲಿ ನಾವೆಲ್ಲ ಗ್ಲೋವ್ಸ್ ಹಾಕಿಕೊಂಡ ಸಭ್ಯಸ್ಥರಲ್ಲವೇ.

"ಅಂಕಲ್, ನಿಮ್ಮ ಟ್ಯೂಬ್ ಕೊಡಿ" ಎಂದೆ.

ಚೀಲದಲ್ಲಿ ಉಳಿದಿದ್ದ ಗುರುತಿನ ಚೆಂಡೊಂದನ್ನು ತೆಗೆದೆ. ಲ್ಯಾಂಪು ಹಿಡಿದಾಗ ನಂಬರು ಹೊಳೆಯಿತು. ಅದರ ಮೇಲೆ ಒಂದು ಬೊಟ್ಟು ಸನ್‌ಸ್ಕ್ರೀನ್ ಸವರಿದೆ. ನಂಬರು ಮಾಯ. ಕಾರಣವೇನೋ ಸಿಕ್ಕಿತು, ಮುಂದೆ? ನೀರಿಗೆ ಆ ಸನ್‌ಸ್ಕ್ರೀನ್ ಜಗ್ಗುವುದಿಲ್ಲ. ಕಿಟ್ಟಿನಲ್ಲಿದ್ದ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ಸನ್‌ಸ್ಕ್ರೀನ್ ಹೋಗುತ್ತದೆ, ಆದರೆ ಜೊತೆಗೆ ಇಂಕೂ ಹೋಗುತ್ತದೆ. ರಂಧ್ರಕ್ಕಿಳಿಯಲಿ ಎಂದು ಅಷ್ಟೊಂದು ಆಲ್ಕೋಹಾಲ್ ಬೆರೆಸಿ ಜಾಣತನ ತೋರಿದವನು ನಾನೇ ತಾನೇ. ಉಳಿದದ್ದು ಎಣ್ಣೆ. ಸನ್‌ಸ್ಕ್ರೀನ್ ಎಣ್ಣೆಗೆ ಸಡಿಲವಾಗುತ್ತದೆ, ನನ್ನ ಇಂಕು ಆಗುವುದಿಲ್ಲ.

"ಹಲಸಿನ ಮೇಣ ತೆಗೆಯೋ ಹಾಗೆ ಅನ್ನು" ಎಂದರು ಅಂಕಲ್, ನಾನು ವಿವರಿಸಿದ್ದನ್ನು ಕೇಳಿ.

"ಹೌದು ಅಂಕಲ್. ಆದ್ರೆ ಇದು ತೊಗಲು. ಎಣ್ಣೆ ಕಲೆ ಜನ್ಮದಲ್ಲಿ ಹೋಗಲ್ಲ."

ಸಾರ್ಜೆಂಟ್ ತಾವೇ ಹೋಗಿ ಫ್ರೆಂಚ್ ಫ್ರೈ ಕರಿಯುವ ಅಂಗಡಿಯಿಂದ ಒಂದು ಕಾಗದದ ಲೋಟದಲ್ಲಿ ಎಣ್ಣೆ ತಂದರು. ಹೊಸ ಎಣ್ಣೆಯೇ ಕೇಳಿದ್ದರಂತೆ; ಆದರೂ ಆಲೂಗಡ್ಡೆಯ ವಾಸನೆ ಮೂಗಿಗೆ ಅಡರಿತು. ಹತ್ತಿ ಸುತ್ತಿದ ಕಡ್ಡಿಯಿಂದ ಪರೀಕ್ಷೆಯ ಚೆಂಡಿಗೆ ಎಣ್ಣೆ ಮುಟ್ಟಿಸಿ, ಒತ್ತದೆ, ಒಂದೇ ದಿಕ್ಕಿಗೆ ಸುರುಳಿಸಿ ತೆಗೆದೆ. ಇನ್ನೊಂದು ಒಣ ಕಡ್ಡಿಯಿಂದ ಹೀರಿಸಿದೆ. ಲ್ಯಾಂಪು. ನಂಬರು ಮತ್ತೆ ಬಂತು. ಸುತ್ತ ಅಂಚಿಲ್ಲದ ಕಂದು ಕಲೆಯೂ ಬಂತು.

"ಈ ಕಲೆ ಹೋಗಲ್ವಾ?" ಎಂದ ಪ್ರಚಾರದವನು.

"ಹೋಗಲ್ಲ."

"ಇದು ಗಾಜಿನ ಪೆಟ್ಟಿಗೆಲಿ ಇಡೋ ಚೆಂಡು! ಫೋಟೋಲಿ ಹೇಗೆ ಕಾಣುತ್ತೆ?"

ಮೇಜಿನ ಎಡಗಡೆ ಇದ್ದ ಚೆಂಡನ್ನು ತೆಗೆದುಕೊಂಡು, ನಾನು ಯಾವಾಗಲೂ ನಂಬರು ಒತ್ತುವ ಜಾಗದಲ್ಲಿ, ಹೊಲಿಗೆ ಲಾಳದ ಹಾಗೆ ಬಾಗುವ ಕಡೆ, ಎಣ್ಣೆ ಮುಟ್ಟಿಸಿದೆ. ಚೆಂಡಿನಲ್ಲಿ ಅಂಥ ಜಾಗ ನಾಲ್ಕಿವೆ. ನಾಲ್ಕಕ್ಕೂ ಮುಟ್ಟಿಸಬೇಕಾಯಿತು. ಕಪ್ಪು ಹೋಯಿತು, ತೊಗಲು ಕಂಡಿತು. ಹಸಿರು ಇಲ್ಲ.

ಪ್ರಚಾರದವನು ಚಪ್ಪಾಳೆ ತಟ್ಟಿದ. "ಮುಗೀತು! ಹಾಗಾದ್ರೆ ಇನ್ನೊಂದೇ ಅಸಲಿ. ಅದನ್ನ ಮುಟ್ಟಬೇಡ. ಕಲೆ ಇಲ್ಲದ ಚೆಂಡು ಸಿಕ್ತಲ್ಲ!"

ಅವನ ಮಾತಿನಲ್ಲಿ ತರ್ಕವಿತ್ತು, ಅದೇ ಕಷ್ಟ. ಎರಡರಲ್ಲಿ ಇದಲ್ಲವಾದರೆ ಅದು. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರೆ ಸಾಕು: ಚೆಂಡು ಸ್ವಚ್ಛ, ಬಾಸಿಗೆ ಖುಷಿ, ನನ್ನ ಕುರ್ಚಿ ಭದ್ರ. ಆದರೆ ಜೀವಮಾನವಿಡೀ ಕಾಲಿಗೆ ತೊಡರಿಕೊಂಡು ಬಂದ ನನ್ನ ಆತಂಕ ಆಗಲೂ ಬಿಡಲಿಲ್ಲ. ಎಡಗಡೆಯದರ ಇಂಕು ಉಜ್ಜಿ ಹೋಗಿದ್ದರೆ? ಆ ಫೀಲ್ಡರ್ ಹೆಕ್ಕಿದ್ದರಲ್ಲಿ ಒಂದು, ಅಲ್ಲೇ ಮುಂಚಿನಿಂದ ಬಿದ್ದಿದ್ದ ಮೂರನೆಯದೇ ಆಗಿದ್ದರೆ? ಅಂಪೈರನ ಜೇಬಿನಲ್ಲಿ ಇನ್ನೂ ಚೆಂಡುಗಳಿದ್ದವಲ್ಲ, ಅದಲುಬದಲಾಗಿದ್ದರೆ? ಇನ್ನೊಂದು ಕಡೆ, ಇದೇ ನಿಜವಾದ ಚೆಂಡಾಗಿದ್ದು, ಒಬ್ಬ ಮನುಷ್ಯ ಇಪ್ಪತ್ತು ವರ್ಷ ಆಡಿ ಸಂಪಾದಿಸಿದ್ದರ ಮೇಲೆ ನಾನು ನಾಲ್ಕು ಕಡೆ ಆಲೂಗಡ್ಡೆ ಎಣ್ಣೆ ಬಳಿದರೆ?

"ಏನಂತೀಯಾ?" ಎಂದರು ಸಾರ್ಜೆಂಟ್ ನನಗೆ. ಪೆನ್ನು ಅವರ ಜೇಬಿನಲ್ಲೇ ಇತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊಣಕಾಲು ನೋವೆಂದು ಆಟಗಾರನನ್ನು ಪಂದ್ಯದ ಮಧ್ಯದಲ್ಲೇ ಹೊರಗೆ ಕರೆಸಿದ್ದರು. ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕುಂಟುತ್ತ ಒಳಗೆ ಬಂದ. ಟೀವಿಯಲ್ಲಿ ಬೆಟ್ಟದ ಹಾಗೆ ಕಾಣುತ್ತಿದ್ದವನು, ಹತ್ತಿರದಿಂದ ನೋಡಿದರೆ ನನ್ನ ಹಾಗೆಯೇ ಸರಿಯಾಗಿ ನಿದ್ದೆ ಮಾಡದವನು.

"ಯಾವುದು?" ಎಂದ.

"ಇದು" ಎಂದು ಪ್ರಚಾರದವನು ಬಲಗಡೆಯ ಚೆಂಡು ತೋರಿಸಿದ.

ಆಟಗಾರ ಅದನ್ನು ಎತ್ತಿಕೊಳ್ಳಲು ಕೈ ಚಾಚಿದ. ನನ್ನ ಬಾಯಿಂದ, ನಾನೇ ಎಂದು ನನಗೇ ನಂಬಿಕೆ ಬಾರದ ಹಾಗೆ, ಮಾತು ಹೊರಬಿತ್ತು: "ಇರಬಹುದು."

ಕೈ ಅಲ್ಲೇ ನಿಂತಿತು. "ಇರಬಹುದು ಅಂದ್ರೆ?"

ಎಲ್ಲವನ್ನೂ ಹೇಳಿದೆ. ಇದೇ ಇರುವ ಸಂಭವ ಹೆಚ್ಚು, ಆದರೆ ನಾನು ಕಂಡಿಲ್ಲ. ಕಾಣಬೇಕಾದರೆ ಎಣ್ಣೆ ಹಚ್ಚಬೇಕು. ಹಚ್ಚಿದರೆ ಕಲೆ ಹೋಗುವುದಿಲ್ಲ. ಹಚ್ಚಿದ ಮೇಲೂ ಕಾಣದೆ ಹೋಗಬಹುದು. ಸನ್‌ಸ್ಕ್ರೀನಿನ ವಿಷಯ ಮೊದಲೇ ಯೋಚಿಸಬೇಕಾದವನು ನಾನು, ಯೋಚಿಸಲಿಲ್ಲ. ಹೇಳುತ್ತ ಹೇಳುತ್ತ ಬಾಸ್ ಓವನ್ನನ್ನು ಯಾರಿಗೆ ಮಾರುತ್ತಾರೆ ಎಂಬ ಯೋಚನೆಯೂ ಒಂದು ಪಕ್ಕದಲ್ಲಿ ನಡೆದಿತ್ತು.

ಆಟಗಾರ ಕುರ್ಚಿ ಎಳೆದುಕೊಂಡು ಕಾಲು ನೀಡಿ ಕೂತ. "ಇರಬಹುದು, ಅನ್ಸುತ್ತೆ, ಅನ್ನೋದನ್ನೆಲ್ಲ ನಾನು ಅಂಪೈರುಗಳ ಹತ್ರ ಬೇಕಾದಷ್ಟು ಕೇಳಿದ್ದೀನಿ. ಹಚ್ಚಿ."

"ಕಲೆ..." ಎಂದ ಪ್ರಚಾರದವನು.

"ನನ್ನ ಮೊಣಕಾಲು ನೋಡಿದ್ದೀಯಾ?" ಎಂದ ಆಟಗಾರ.

ಹೊಸ ಕಡ್ಡಿ ತೆಗೆದುಕೊಂಡೆ. ಆಂಟಿ ದೇವರ ಹೆಸರು ಹೇಳುತ್ತಿರುವುದು ಮೆಲ್ಲಗೆ ಕೇಳಿಸುತ್ತಿತ್ತು. ಮೊದಲ ಜಾಗ: ಕಪ್ಪು ಹೋಯಿತು, ಏನೂ ಇಲ್ಲ. ಎರಡನೆಯ ಜಾಗ: ಏನೂ ಇಲ್ಲ. ಮೂರನೆಯದಕ್ಕೆ ಎಣ್ಣೆ ಮುಟ್ಟಿಸಿ, ಹೀರಿಸಿ, ಲ್ಯಾಂಪು ತಂದೆ. ಮಸುಕಾದ ಒಂದು ಗೆರೆ. ಇನ್ನೊಂದು ಕಡ್ಡಿ ತೆಗೆದುಕೊಂಡು ಮತ್ತೆ ಸುರುಳಿಸಿದೆ. ಗೆರೆ ಬಾಗಿತು, ಬಾಲ ಬಂತು, ಹಸಿರಾಗಿ ಪೂರ್ತಿ ನಂಬರು ಎದ್ದು ನಿಂತಿತು. ಸಾರ್ಜೆಂಟ್ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಆ ಎಸೆತಕ್ಕೆ ಅಂಪೈರಿಗೆ ಕೊಟ್ಟಿದ್ದ ಚೆಂಡಿನ ನಂಬರು ಯಾವುದೆಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಪೆನ್ನು ತೆಗೆದರು.

"ಕಂಡೆ" ಎಂದರು.

ದೀಪ ಹಾಕಿದೆವು. ಆಟಗಾರ ಚೆಂಡನ್ನು ಎತ್ತಿಕೊಂಡು, ಮೂರು ಕಂದು ಕಲೆಗಳನ್ನು ಬೆರಳಿನಿಂದ ಸವರಿ, ಮೂಸಿ ನೋಡಿದ. "ಊಟದ ವಾಸನೆ ಬರ್ತಿದೆ" ಎಂದ, ದೂರುವ ಧ್ವನಿಯಲ್ಲೇನಲ್ಲ. ಪ್ರಚಾರದವನು ನಿಟ್ಟುಸಿರು ಬಿಟ್ಟು ಪತ್ರಿಕೆಯವರಿಗೆ ಫೋನು ಮಾಡತೊಡಗಿದ. ನಾನು ಕುರ್ಚಿಯ ಮೇಲೆ ಕುಸಿದೆ. ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಅಂಕಲ್ ಗಂಟಲು ಸರಿಮಾಡಿಕೊಂಡರು.

"ಅಲ್ಲಪ್ಪಾ, ಒಂದು ಮಾತು. ಈ ಬಾಲು ಸಿಗದೇ ಹೋಗಿದ್ರೆ ಅವನ ರನ್ನು ಲೆಕ್ಕಕ್ಕೆ ಬರ್ತಿರ್ಲಿಲ್ವಾ?"

"ಬರ್ತಿತ್ತು ಅಂಕಲ್."

"ಮತ್ತೆ ಇಷ್ಟೆಲ್ಲ ಯಾಕೆ?"

ಎರಡು ತಿಂಗಳಿನಿಂದ ನನ್ನ ನಿದ್ದೆ, ಊಟ, ಪೆಟ್ರೋಲು ಎಲ್ಲವನ್ನೂ ನುಂಗಿದ್ದ ಕೆಲಸದ ಬಗ್ಗೆ ಯಾರೂ ಕೇಳಿರದಿದ್ದ ಪ್ರಶ್ನೆ ಅದು. ನಾನು ಕೈಯಲ್ಲಿದ್ದ ಲ್ಯಾಂಪು ಆರಿಸಿದೆ. ಅವರು ಏನು ಕೇಳಿದರು ಎಂದು ಆಟಗಾರ ವಿಚಾರಿಸಿದ. ಇಂಗ್ಲಿಷಿನಲ್ಲಿ ಹೇಳಿದೆ, ಸ್ವಲ್ಪ ನಯ ಬೆರೆಸಿ.

ಆಟಗಾರ ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ. "ಇದು ಬೇಲಿ ದಾಟುತ್ತೆ ಅಂತ ನನಗೆ ಅನ್ನಿಸಲಿಲ್ಲ ಸರ್" ಎಂದ ಅಂಕಲ್ಲಿಗೆ. "ಗೋಡೆಗೆ ಬಡಿಯುತ್ತೆ ಅಂದ್ಕೊಂಡೆ. ತಲೆ ತಗ್ಗಿಸಿ ಓಡಿದೆ. ಜನ ಕೂಗಿದ ಮೇಲೇ ಗೊತ್ತಾಗಿದ್ದು. ಎಲ್ಲರೂ ನೋಡಿದ್ರು, ನಾನು ನೋಡಲಿಲ್ಲ. ಅದಕ್ಕೆ ಇದು ಬೇಕಿತ್ತು."

"ಟೀವಿಯಲ್ಲಿ ತೋರಿಸ್ತಾರಲ್ಲ" ಎಂದರು ಅಂಕಲ್, ಪಾಠ ಹೇಳುತ್ತಿದ್ದ ಕಾಲದ ಇಂಗ್ಲಿಷಿನಲ್ಲಿ.

"ಅದು ಹಿಂದಿನಿಂದ ತೆಗೆದದ್ದು. ಹೋಗೋದು ಕಾಣುತ್ತೆ."

ಅಂಕಲ್ ಒಂದು ಕುರ್ಚಿಯನ್ನು ಆಟಗಾರನ ಎದುರಿಗೆ ಎಳೆದು ಹಾಕಿಕೊಂಡು, ಬಿಳಿ ಮೂಗನ್ನು ಕರವಸ್ತ್ರದಿಂದ ಒರೆಸಿಕೊಂಡು ಕೂತರು. "ಬರೋದು ನಾನು ನೋಡಿದೆ. ಹೇಳ್ತೀನಿ ಕೇಳು. ಮೊದಲು ಏನೂ ಕಾಣಿಸಲಿಲ್ಲ, ನಿನ್ನ ಬ್ಯಾಟಿನ ಸದ್ದು ಮಾತ್ರ. ಆಮೇಲೆ ಹುಲ್ಲಿನ ಮೇಲೆ ಒಂದು ಸಣ್ಣ ನೆರಳು. ನಾನು ನೆರಳನ್ನ ನೋಡ್ತಾ ಇದ್ದೆ, ಬಾಲನ್ನಲ್ಲ..."

ಪ್ರಚಾರದವನು ಬಾಗಿಲಲ್ಲಿ ನಿಂತು, ಪತ್ರಿಕೆಯವರೆಲ್ಲ ಬಂದರು, ಬೇಗ ಬಾ ಎಂದು ಕೈಸನ್ನೆ ಮಾಡಿದ. ಆಟಗಾರ ಅವನತ್ತ ತಿರುಗದೆಯೇ, ತಡಿ ಎನ್ನುವಂತೆ ಒಂದು ಬೆರಳು ಎತ್ತಿದ.

"ಆಮೇಲೆ?" ಎಂದ.